ವಾತ್ರಾ ಆರಿದ ಬೇಸಿಗೆ

ಕಲಾಬ್ರಿಯಾ, ಇಟಲಿ
ಜೂನ್ ೩, ೨೦೧೮

ತನಾಸಿಗೆ,

ಯೇಸುವಿಗೆ ಜಯವಾಗಲಿ. ನಾನು, ಪರಸ್ಕಾ. ಅಕ್ಷರ ನೋಡಿದ ಕೂಡಲೇ ಗುರುತು ಹತ್ತಿರುತ್ತದೆ. ಆದರೂ ಹೆಸರು ಹಾಕುತ್ತಿದ್ದೇನೆ, ಯಾರದೋ ಕಾಗದ ಅಂದುಕೊಂಡೆ ಎಂದು ನೀನು ಆಮೇಲೆ ಜಾರಿಕೊಳ್ಳಬಾರದು ನೋಡು.

ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದು ಆಗದ ಹೋಗದ ಕೆಲಸ. ಈಸ್ಟರ್ ಹಬ್ಬಕ್ಕೆ ಮಾಡಿದಾಗ ನೀನು ಮಾತಾಡಲೇ ಇಲ್ಲ, ಬರೀ ಉಸಿರು ಬಿಟ್ಟೆ. ಕೊನೆಗೆ "ಕುರಿ ಚೆನ್ನಾಗಿವೆ" ಅಂದೆ. ನಾನು ಕೇಳಿದ್ದು ಗಂಡನ ಆರೋಗ್ಯ, ಕುರಿಯದ್ದಲ್ಲ. ಈಗಂತೂ ನೀನು ಹಿಂಡಿನ ಜೊತೆ ಬೆಟ್ಟ ಹತ್ತಿರುತ್ತೀ, ಅಲ್ಲಿ ಫೋನೂ ಸಿಗುವುದಿಲ್ಲ. ಅದಕ್ಕೇ ಈ ಕಾಗದವನ್ನು ಇಲ್ಲಿಗೂ ನಮ್ಮೂರಿಗೂ ಓಡಾಡುವ ಭಾನುವಾರದ ವ್ಯಾನಿನ ಬೊಹ್ದಾನನ ಕೈಗೆ ಕೊಡುತ್ತಿದ್ದೇನೆ. ಊರಿನ ಅಂಗಡಿಯಲ್ಲಿ ಇಟ್ಟರೆ ಚೀಸು ತರಲು ಮೇಲೆ ಹತ್ತುವವರು ಯಾರಾದರೂ ನಿನಗೆ ಮುಟ್ಟಿಸುತ್ತಾರೆ.

ಇಲ್ಲಿ ಒಂದು ವಿಚಿತ್ರ ನಡೆಯಿತು. ಚಳಿಗಾಲದಿಂದ ನಾನು ಸೆರಾಫಿನಾ ಎಂಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದೇನೆ. ಮದುವೆಯಾದವಳಲ್ಲ. ಜೀವನವಿಡೀ ಊರವರಿಗೆಲ್ಲ ರೊಟ್ಟಿ ಸುಟ್ಟುಕೊಟ್ಟವಳು, ಈಗ ಕಾಲು ಬಿದ್ದುಹೋಗಿದೆ. ಬಾಯಿ ಮಾತ್ರ ಹಾಗೇ ಇದೆ. ಇವರ ಹಿರಿಯರು ಯಾವುದೋ ಕಾಲದಲ್ಲಿ ತುರ್ಕರಿಗೆ ಹೆದರಿ ಅಲ್ಬೇನಿಯದಿಂದ ಸಮುದ್ರ ದಾಟಿ ಬಂದವರಂತೆ. ಹೊರಗಿನವರ ಹತ್ತಿರ ಇಟಲಿಯ ಮಾತು, ಮನೆಯೊಳಗೆ ಆ ಹಳೇ ಮಾತು. ನನ್ನ ಜೊತೆ ಇಷ್ಟು ದಿನ ಇಟಲಿಯದ್ದೇ ಆಡುತ್ತಿದ್ದಳು. ಮೊನ್ನೆ ಮಧ್ಯಾಹ್ನ ತೂಕಡಿಕೆಯಿಂದ ಎದ್ದವಳು ಅರೆನಿದ್ದೆಯಲ್ಲಿ ಕೈ ತೋರಿಸಿ, "ವಾತ್ರಾ, ವಾತ್ರಾ ನೋಡು" ಅಂದಳು.

ನಾನು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತೆ.

"ಏನಂದ್ರಿ ಅಜ್ಜಿ?"

"ವಾತ್ರಾ ಅಂದೆ. ಒಲೆಗೂಡು. ಕೆಂಡ ಆರ್ತಾ ಇದೆ, ಬೂದಿ ಮುಚ್ಚು. ಕಿವುಡು ನಂಗೋ ನಿಂಗೋ?"

"ನಮ್ಮ ಬೆಟ್ಟದಲ್ಲೂ ವಾತ್ರಾ ಅಂತಾರೆ ಅಜ್ಜಿ. ಕುರಿಹಟ್ಟಿಯ ಬೆಂಕಿಗೆ."

"ಸುಳ್ಳು ಹೇಳ್ಬೇಡ. ಅದು ನಮ್ಮ ಮಾತು. ಎಲ್ಲಿ ಕದ್ದೆ?"

ಅಷ್ಟಕ್ಕೇ ನನಗೆ ಅಳು ಬಂತು. ಮುದುಕಿ ಗಾಬರಿಯಾಗಿ, "ಕದ್ರೆ ಕದ್ದುಕೋ ಮಾರಾಯ್ತಿ, ಅದಕ್ಯಾಕೆ ಅಳ್ತೀಯ" ಅಂದಳು. ಇಲ್ಲಿಗೆ ಬಂದು ನಾಲ್ಕು ವರ್ಷ ಆಯಿತು. ನನ್ನ ಬಾಯಲ್ಲಿ ದಿನವೂ ಬೇರೆಯವರ ಮಾತು. ಬೇರೆಯವರ ಬಾಯಲ್ಲಿ ನನ್ನ ಮಾತು ಬಂದದ್ದು ಅದೇ ಮೊದಲು.

ಆವತ್ತಿನಿಂದ ತಲೆಯಲ್ಲಿ ಒಂದೇ ಯೋಚನೆ. ಕುರಿ ಇಳಿಸುವ ದಿನಕ್ಕೆ ನಾನು ಊರಿಗೆ ಬರುತ್ತೇನೆ, ಹಿಂದಿರುಗಿ ಹೋಗದ ಹಾಗೆ ಬರುತ್ತೇನೆ. ಆದರೆ ನೀನು ಕರೆಯಬೇಕು. ಉದ್ದ ಬರೆಯಬೇಡ, ನಿನ್ನ ಕೈಲಿ ಆಗುವುದೂ ಇಲ್ಲ. "ಬಾ" ಅಂತ ಒಂದಕ್ಷರ ಸಾಕು.

ಪರಸ್ಕಾ

---

ಚೊರ್ನೊಹೊರಾ ಬೆಟ್ಟ, ಮೇಲಿನ ಹಟ್ಟಿ
ಜೂನ್ ೨೪

ಪರಸ್ಕಾ,

ಎಂದೆಂದಿಗೂ ಜಯವಾಗಲಿ. ಕಾಗದ ಸಿಕ್ಕಿತು. ಚೀಸು ಒಯ್ಯಲು ಬಂದ ಒನುಫ್ರಿ ತಂದುಕೊಟ್ಟ. ಕೊಡುವ ಮುಂಚೆ ಬೆಳಕಿಗೆ ಹಿಡಿದು ನೋಡಿದ್ದಾನೆ ಎಂದು ನನಗೆ ಖಾತ್ರಿ.

ಈ ಸಲ ಹುಲ್ಲು ಚೆನ್ನಾಗಿದೆ. ಒಂದು ಟಗರಿನ ಕಾಲು ಮುರಿಯಿತು. ವಾತ್ರಾ ಹತ್ತಿಸುವುದು ಕಷ್ಟವಾಯಿತು, ಕಟ್ಟಿಗೆ ಹಸಿ. ಕೋಲು ಮಥಿಸಿ ಮಥಿಸಿ ಅಂಗೈ ಸುಲಿಯಿತು, ಹೊಗೆಯೂ ಇಲ್ಲ. ಹುಡುಗರು ಟೋಪಿ ತೆಗೆದು ಸುತ್ತ ನಿಂತಿದ್ದರು. ಅವರಲ್ಲೊಬ್ಬ, "ಯಜಮಾನ್ರೇ, ಲೈಟರ್ ಕೊಡ್ಲಾ?" ಅಂದ. ಅವನಿಗೆ ನಾನು ಅಂದದ್ದನ್ನು ಕಾಗದದಲ್ಲಿ ಬರೆಯುವ ಹಾಗಿಲ್ಲ. ಕೊನೆಗೆ ಹತ್ತಿತು. ಇನ್ನು ಇಳಿಯುವ ತನಕ ಆರಬಾರದು. ಆರದ ಹಾಗೆ ನೋಡಿಕೊಳ್ಳಲು ನಾನಿದ್ದೇನೆ.

ಆ ಮುದುಕಿಗೆ ಹೇಳು, ಕದ್ದವರು ಅವರೇ. ವಾತ್ರಾ ಅಂದರೆ ಒಲೆಯಲ್ಲ. ಮನೆಯೊಳಗೆ ಉರಿಯುವುದು ಬರೀ ಬೆಂಕಿ, ಬೆಂಕಿಕಡ್ಡಿ ಗೀರಿದರೆ ಹತ್ತುತ್ತದೆ, ನೀರು ಹೊಯ್ದರೆ ಆರುತ್ತದೆ. ವಾತ್ರಾ ಬೆಟ್ಟದ್ದು. ಅದನ್ನು ಮನುಷ್ಯ ಹುಟ್ಟಿಸುತ್ತಾನೆ, ಆರಿಸುವುದಿಲ್ಲ. ಕುರಿ ಇಳಿಸಿಕೊಂಡು ನಾವು ಹೋದ ಮೇಲೆ ತಾನಾಗಿ ಆರುತ್ತದೆ.

ನೀನು ಕೇಳಿದ್ದರ ಬಗ್ಗೆ. ಊರಿನ ದಾರಿ ನಿನಗೆ ಗೊತ್ತಿದೆ. ಹೋಗುವಾಗ ನನ್ನನ್ನು ಕೇಳಿ ಹೋಗಿರಲಿಲ್ಲ. ನಾನು ಇಳಿದು ಬಂದಾಗ ಬೀಗದ ಕೈ ಪಕ್ಕದ ಮನೆಯಲ್ಲಿತ್ತು, ಒಲೆ ತಣ್ಣಗಿತ್ತು.

ತನಾಸಿ

---

ಕಲಾಬ್ರಿಯಾ
ಜುಲೈ ೮

ತನಾಸಿ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ಹರಿದು ಒಲೆಗೆ ಹಾಕೋಣ ಎಂದು ಎದ್ದೆ, ಸೆರಾಫಿನಾ ಅಜ್ಜಿ ಕೋಲು ಅಡ್ಡ ಹಿಡಿದಳು. "ಗಂಡಂದಿರ ಕಾಗದ ಎಲ್ಲಾ ಹೀಗೇ ಇರುತ್ತೆ ಅಂತ ಕೇಳಿದೀನಿ, ಅದಕ್ಕೇ ನಾನು ಕಟ್ಕೊಳ್ಳಲಿಲ್ಲ. ಇಟ್ಕೋ" ಅಂದಳು.

ಒಲೆ ತಣ್ಣಗಿತ್ತು ಅಂತ ಬರೆದಿದ್ದೀ. ಆ ಒಲೆ ನೀನು ಬರುವ ದಿನ ಬೆಚ್ಚಗಿರಲಿ ಎಂದು ಮಿಕ್ಕ ದಿನವೆಲ್ಲ ಅದರ ಮುಂದೆ ಕೂತವರು ಯಾರು ಎಂದು ಯಾವತ್ತಾದರೂ ಕೇಳಿದ್ದೀಯಾ? ಮದುವೆಯಾದ ಮೊದಲ ವರ್ಷದಿಂದ ಹುಲ್ಲು ಚಿಗುರಿತೆಂದರೆ ನೀನು ಮೇಲೆ. ಮಕ್ಕಳಾಗಿದ್ದರೆ ಮಾತು ಬೇರೆ. ಬಾನೋಷ್ ಗಂಜಿ ಮಾಡಿದರೆ ಒಬ್ಬಳಿಗೆ, ಗುಡುಗಿದರೆ ಒಬ್ಬಳೇ. ನಿಮಗೆ ಮೇಲೆ ಬೆಂಕಿ ಇತ್ತು, ಸುತ್ತ ಕೂರಲು ಜನ ಇದ್ದರು. ನಾನು ಸಾಯಂಕಾಲ ಅಂಗಳದಲ್ಲಿ ನಿಂತು ನಿಮ್ಮ ಬೆಟ್ಟದ ಕಡೆ ನೋಡುತ್ತಿದ್ದೆ. ಅಷ್ಟು ದೂರದಿಂದ ಏನೂ ಕಾಣುವುದಿಲ್ಲ. ನಾನು ಹೇಳದೆ ಹೋದದ್ದು ತಪ್ಪೇ ಇರಬಹುದು. ನೀನು ಪ್ರತಿ ವರ್ಷ ಹೇಳಿ ಹೋಗುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಸಾಕು, ಜಗಳ ಬಿಟ್ಟೆ. ನಿನ್ನ ಆ ಪದದ ಸುದ್ದಿ ಹೇಳುತ್ತೇನೆ.

ಭಾನುವಾರ ನಮ್ಮಂಥ ಹೆಂಗಸರೆಲ್ಲ ಚರ್ಚಿನ ಮುಂದಿನ ಚೌಕದಲ್ಲಿ ಸೇರುತ್ತೇವೆ. ರೊಮೇನಿಯದ ವಿಯೊರಿಕಾ ಇದ್ದಾಳೆ, ಹಲ್ಲಿಲ್ಲದ ಮುದುಕನೊಬ್ಬನನ್ನು ನೋಡಿಕೊಳ್ಳುತ್ತಾಳೆ. ಅವಳನ್ನು ಕೇಳಿದೆ. "ವಾತ್ರಾ ನಮ್ಮದು ಕಣೇ" ಅಂದಳು, ಎಲ್ಲರೂ ಅನ್ನುವ ಹಾಗೆ. ಅವರಲ್ಲಿ ಅದು ಬೆಂಕಿಯಲ್ಲ, ಬೆಂಕಿ ಕೂರುವ ಜಾಗ. ಒಲೆಯ ನೆಲ. ಊರಿನ ನಡುಮಧ್ಯಕ್ಕೂ, ಮೊದಲು ಮನೆ ಕಟ್ಟಿದ ಜಾಗಕ್ಕೂ ಅದೇ ಹೆಸರಂತೆ. "ನೀ ಎಲ್ಲಿಯವಳು ಅಂತ ಕೇಳಿದ್ರೆ ನಮ್ಮಲ್ಲಿ ವಾತ್ರಾ ಯಾವುದು ಅಂತ ಕೇಳಿದ ಹಾಗೆ" ಅಂದಳು.

ಇನ್ನೊಂದು ಕೇಳು, ನಗುತ್ತೀ. ಚರ್ಚಿನ ಮಾಡು ರಿಪೇರಿಗೆ ಮಿಲುಟಿನ್ ಎಂಬ ಸೆರ್ಬಿಯದವನು ಬಂದಿದ್ದಾನೆ. ಸಿಗರೇಟು ಬಾಯಲ್ಲಿಟ್ಟುಕೊಂಡು ನೇರ ನನ್ನ ಹತ್ತಿರ ಬಂದು, "ವಾತ್ರಾ ಇದೆಯಾ?" ಎಂದು ಅವನ ಮಾತಲ್ಲೇ ಕೇಳಿದ. ನಾನು ಯೋಚನೆಯನ್ನೇ ಮಾಡದೆ, "ನಾವು ವಾತ್ರಾ ಹೊರಗಿನವರಿಗೆ ಕೊಡಲ್ಲ" ಅಂದುಬಿಟ್ಟೆ. ಹಟ್ಟಿಯಿಂದ ಬೆಂಕಿ ಹೊರಗೆ ಕೊಟ್ಟರೆ ಕುರಿಯ ಹಾಲು ಹೋಗುತ್ತದೆ ಎಂದು ನಿನ್ನ ಅಮ್ಮ ನನ್ನ ತಲೆಗೆ ಬಡಿದು ಹೇಳಿಕೊಟ್ಟದ್ದು, ಮರೆತುಹೋಗುತ್ತದೆಯೇ? ಪಾಪ, ಅವನು ಜೇಬು ತಡವಿ, "ತಾಯೀ, ನಾ ಕೇಳಿದ್ದು ಬರೀ ಕಡ್ಡಿಪೆಟ್ಟಿಗೆ" ಅಂದ. ಅವನ ಮಾತಲ್ಲಿ ಸಿಗರೇಟಿನ ಬೆಂಕಿಯೂ ವಾತ್ರಾ, ಮನೆ ಸುಡುವ ಬೆಂಕಿಯೂ ವಾತ್ರಾ, ಯುದ್ಧದಲ್ಲಿ ಗುಂಡು ಹಾರಿಸುವುದೂ ವಾತ್ರಾ. "ನಮ್ಮ ಊರಿಗೆ ಆ ಮೂರೂ ಬಂದು ಹೋದ್ವು" ಅಂದು ನಕ್ಕ. ನಗುವಂಥ ಮಾತಲ್ಲ ಅದು.

ಇಲ್ಲಿನ ಪಾದ್ರಿಗಳು ಓದಿದವರು. ಅಜ್ಜಿಗೆ ಪ್ರಸಾದ ಕೊಡಲು ಬಂದಾಗ ಹೇಳಿದರು: ಪೋಲೆಂಡಿನ, ಸ್ಲೊವಾಕಿಯದ ಬೆಟ್ಟದವರೂ ಕುರಿಗಾಹಿಗಳ ಬೆಂಕಿಗೆ ಹೀಗೇ ಅನ್ನುತ್ತಾರಂತೆ. ಎಲ್ಲಿ ಹುಟ್ಟಿದ ಪದ ಎಂದು ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಅಲ್ಬೇನಿಯದವರ ಪೂರ್ವಿಕರದ್ದು ಎಂದು ಕೆಲವರು, ಅದಕ್ಕೂ ಹಿಂದೆ ಪರ್ಷಿಯಾ ಕಡೆಯದ್ದು ಎಂದು ಕೆಲವರು. ಬೆಟ್ಟದಿಂದ ಬೆಟ್ಟಕ್ಕೆ ಕುರಿ ಹೊಡೆದುಕೊಂಡು ಹೋದವರ ಬಾಯಲ್ಲಿ ಅದೂ ಹೋಯಿತು ಅನ್ನುವುದರಲ್ಲಿ ಮಾತ್ರ ಜಗಳ ಇಲ್ಲವಂತೆ. ಅಜ್ಜಿಗೆ ಸಿಟ್ಟು ಬಂತು. "ಕುರಿಯವರ ಬಾಯಲ್ಲಿ ಹೋಯ್ತು ಸರಿ, ಅವರ ಹೆಂಗಸರು ಬಾಯಲ್ಲಿ ಕಡುಬು ಇಟ್ಕೊಂಡಿದ್ರಾ?" ಅಂದಳು.

ಕುರಿಯ ಹಿಂದೆ ಹೋದವರು ಅದನ್ನು ಬೆಂಕಿ ಮಾಡಿಕೊಂಡರು, ಮನೆಯಲ್ಲಿ ಉಳಿದವರು ಒಲೆ ಮಾಡಿಕೊಂಡರು ಎಂದು ನನಗೆ ಅನ್ನಿಸುತ್ತದೆ. ನಾನು ಓದಿದವಳಲ್ಲ, ತಪ್ಪಿದ್ದರೆ ಬಿಡು. ಇನ್ನೊಮ್ಮೆ ಕೇಳುತ್ತೇನೆ. ಬರಲೋ ಬೇಡವೋ?

ಪರಸ್ಕಾ

---

ಮೇಲಿನ ಹಟ್ಟಿ
ಜುಲೈ ೨೯

ಪರಸ್ಕಾ,

ಮಳೆ ಬಿಟ್ಟಿಲ್ಲ. ತೋಳ ಒಂದು ಮರಿ ಒಯ್ದಿತು. ಚೀಸು ಸರಿಯಾಗಿ ಒಣಗುತ್ತಿಲ್ಲ.

ಬೇಸಿಗೆಯ ಬಗ್ಗೆ ನೀನು ಬರೆದದ್ದನ್ನು ಓದಿದೆ. ಮತ್ತೆ ಓದಿದೆ. ನೀನು ಅಂಗಳದಲ್ಲಿ ನಿಂತು ಈ ಕಡೆ ನೋಡುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ನೀನೂ ಹೇಳಿರಲಿಲ್ಲ. ನಾನು ಇಳಿದು ಬಂದಾಗ ನೀನು ಬಿಸಿ ನೀರು ಇಡುತ್ತಿದ್ದೆ, ಅಂಗಿ ಒಗೆಯುತ್ತಿದ್ದೆ, ಎಲ್ಲ ಸರಿಯಿದೆ ಎಂದು ನಾನು ಅಂದುಕೊಂಡೆ.

ಒನುಫ್ರಿ ಹೊರಗೆ ಕುದುರೆ ಹಿಡಿದು ನಿಂತು, "ಆಯ್ತಾ ಯಜಮಾನ್ರೇ, ಬೈಬಲ್ ಬರೀತಿದೀರಾ?" ಅಂತಿದ್ದಾನೆ. ಮುಂದಿನ ಸಲ ಬರೆಯುತ್ತೇನೆ.

ಆ ಸೆರ್ಬಿಯದವನಿಗೆ ಹೆಂಡತಿ ಇದ್ದಾಳೋ?

ತನಾಸಿ

---

ಕಲಾಬ್ರಿಯಾ
ಆಗಸ್ಟ್ ೧೯

ತನಾಸಿ,

ಸೆರಾಫಿನಾ ಅಜ್ಜಿ ಹೋದಳು. ಮಂಗಳವಾರ ಬೆಳಗ್ಗೆ ಹಾಲು ಕಾಸಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಕುರ್ಚಿಯಲ್ಲೇ, ಒಲೆಯ ಕಡೆ ಮುಖ ಮಾಡಿಕೊಂಡು. ಹಿಂದಿನ ದಿನ, "ನಾ ಹೋದ್ಮೇಲೆ ವಾತ್ರಾ ಆರುತ್ತೆ. ಆರ್ಲಿ. ಆದ್ರೆ ತಾನಾಗಿ ಆರ್ಲಿ, ಯಾರೂ ಕೈ ಹಾಕ್ಬೇಡಿ" ಅಂದಿದ್ದಳು. ಅವರಲ್ಲಿ ಒಂದು ಮನೆತನ ಮುಗಿಯಿತು ಅನ್ನಬೇಕಾದರೆ ವಾತ್ರಾ ಆರಿತು ಅನ್ನುತ್ತಾರೆ. ನಾನು ನಮ್ಮ ಬೆಟ್ಟದ ಪದ್ಧತಿ ಹೇಳಿದ್ದೆ, ನೀವು ಇಳಿಯುವಾಗ ಬೆಂಕಿಯನ್ನು ಹಾಗೇ ಬಿಟ್ಟು ಬರುತ್ತೀರಿ ಎಂದು. ಅದು ಅವಳಿಗೆ ಬಹಳ ಹಿಡಿಸಿತ್ತು.

ಮಣ್ಣು ಮಾಡಿ ಬಂದೆವು. ಅವಳ ತಮ್ಮನ ಮಗ ಕಾರ್ಮೆಲೊ ಮನೆಗೆ ಬೀಗ ಹಾಕಬೇಕಿತ್ತು. ಕೆಟ್ಟವನಲ್ಲ, ಅವಸರದವನು. ಅಂಗಳದಿಂದ ಬಕೆಟ್ ತುಂಬ ನೀರು ತಂದ.

"ಬೇಡ ಕಾರ್ಮೆಲೊ, ಬಿಡು. ತಾನೇ ಆರುತ್ತೆ."

"ಬೆಂಕಿ ಉರೀತಿರೋ ಮನೆಗೆ ಬೀಗ ಹಾಕಿ ಹೋಗಕ್ಕಾಗುತ್ತಾ ಸಿಞೋರಾ? ನಾಳೆ ಊರೇ ಹತ್ಕೊಂಡ್ರೆ?"

"ನಾನಿರ್ತೀನಿ. ಆರೋವರೆಗೂ ಇಲ್ಲೇ ಕೂತಿರ್ತೀನಿ."

"ಯಾತಕ್ಕೆ?" ಅಂದ. ಅವನಿಗೆ ನಿಜವಾಗಿ ಅರ್ಥವಾಗಲಿಲ್ಲ. ಹೊಯ್ದೇಬಿಟ್ಟ. ಬೂದಿಯೆಲ್ಲ ಮೇಲೆದ್ದು ಅವಳ ಕುರ್ಚಿಯ ಮೇಲೆ ಕೂತಿತು. ಅದನ್ನು ಒರೆಸಿದ್ದು ನಾನು.

ಹೆತ್ತ ತಾಯಿ ಸತ್ತಾಗಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಆಗ ನೀನು ಪಕ್ಕದಲ್ಲಿದ್ದೆ, ಚಳಿಗಾಲವಾಗಿತ್ತು.

ತಿಂಗಳ ಕೊನೆಯವರೆಗೆ ಕಾರ್ಮೆಲೊ ನನ್ನನ್ನು ಹಿಂದಿನ ಕೋಣೆಯಲ್ಲಿರಲು ಬಿಟ್ಟಿದ್ದಾನೆ. ನನ್ನ ಕೈಲಿರುವ ಫೋನೂ ಅವನದ್ದೇ, ಹೊರಡುವ ದಿನ ವಾಪಸ್ಸು ಕೊಡಬೇಕು. ಬೊಲೊನ್ಯಾದಲ್ಲಿ ಒಂದು ಮನೆಯವರು ಕರೆಯುತ್ತಿದ್ದಾರೆ. ಒಪ್ಪಿಕೊಂಡರೆ ಮುಂದಿನ ವರ್ಷದವರೆಗೆ ಬಿಡುವ ಹಾಗಿಲ್ಲ. ಅದಕ್ಕೆ ಕೊನೆಯ ಸಲ ಕೇಳುತ್ತಿದ್ದೇನೆ. ಉತ್ತರ ಬರದಿದ್ದರೆ ಅದೇ ಉತ್ತರ ಅಂದುಕೊಳ್ಳುತ್ತೇನೆ.

ಮಿಲುಟಿನನಿಗೆ ಹೆಂಡತಿ ಇದ್ದಾಳೆ, ಮೊಮ್ಮಕ್ಕಳೂ ಇದ್ದಾರೆ. ನಿನ್ನ ತಲೆ.

ಪರಸ್ಕಾ

---

ಮೇಲಿನ ಹಟ್ಟಿ
ಸೆಪ್ಟೆಂಬರ್ ೨

ಪರಸ್ಕಾ,

ಮಳೆಗೆ ದಾರಿ ಕುಸಿದು ನಿನ್ನ ಕಾಗದ ತಡವಾಗಿ, ಗುರುವಾರ ಬಂತು. ತಿಂಗಳ ಕೊನೆ ಎಂದು ಓದಿದೆ, ಅದಕ್ಕೆ ಉಳಿದದ್ದು ಒಂದೇ ದಿನ. ಕಾಗದ ಬರೆದರೆ ಮುಟ್ಟುವಷ್ಟು ಹೊತ್ತಿಲ್ಲ.

ಕುರಿಯ ಹುಡುಗನ ಫೋನು ಇಸಿದುಕೊಂಡೆ. ತುದಿಯ ಬಂಡೆಯ ಮೇಲೆ ಹತ್ತಿದರೆ ಸ್ವಲ್ಪ ಸಿಗುತ್ತದೆ ಅಂದ. ಹುಡುಗರೆಲ್ಲ ಹಾಲು ಕರೆಯಲು ಹೋಗಿದ್ದರು. ಹಟ್ಟಿಯ ಯಜಮಾನ ವಾತ್ರಾ ಬಿಟ್ಟು ಹೋಗಬಾರದು, ನಿನಗೆ ಗೊತ್ತಿದೆ. ದಪ್ಪ ಕೊರಡು ಹಾಕಿ ಹೋದೆ.

ಬಂಡೆಯ ಮೇಲಿಂದ ಮಾಡಿದೆ. ನೀನು ಎತ್ತಿಕೊಂಡೆ. ಅವರ ಮಾತಲ್ಲಿ ಏನೋ ಅಂದೆ, ಆಮೇಲೆ ನಮ್ಮ ಮಾತಲ್ಲಿ "ಯಾರು?" ಅಂದೆ. ಏನೇನು ಹೇಳಬೇಕೆಂದು ಹತ್ತುವಾಗಲೇ ಜೋಡಿಸಿಕೊಂಡಿದ್ದೆ. ನಿನ್ನ ದನಿ ಕೇಳಿದ ಮೇಲೆ ಎಲ್ಲಿಂದ ಶುರು ಮಾಡಲಿ ಎಂದು ಹುಡುಕುತ್ತಾ ನಿಂತೆ. ಅಷ್ಟರಲ್ಲಿ ಮಳೆ ಹೊಡೆಯಿತು, ಫೋನು ಕಡಿದುಹೋಯಿತು. ಮತ್ತೆ ಸಿಗಲಿಲ್ಲ. ಎಷ್ಟು ಹೊತ್ತು ನಿಂತೆನೋ.

ಇಳಿದು ಬಂದಾಗ ಗಾಳಿಗೆ ಮಾಡಿನ ಹಲಗೆ ಕಿತ್ತುಹೋಗಿ ನೀರು ನೇರವಾಗಿ ಒಳಗೆ ಬಿದ್ದಿತ್ತು. ವಾತ್ರಾ ಆರಿತ್ತು. ಬೂದಿಯ ತಳದವರೆಗೂ ಕೈ ಹಾಕಿ ನೋಡಿದೆ, ಒಂದು ಕಿಡಿಯಿಲ್ಲ. ನನ್ನ ಅಪ್ಪನ ಕಾಲದಲ್ಲಿ ಹೀಗಾಗಿಲ್ಲ, ಅಜ್ಜನ ಕಾಲದಲ್ಲೂ ಇಲ್ಲ.

ಹುಡುಗನ ಕೋಟು ಮೊಳೆಗೆ ನೇತಾಡುತ್ತಿತ್ತು. ಜೇಬಿನಿಂದ ಲೈಟರ್ ತೆಗೆದೆ. ಹತ್ತಿಸಿದೆ. ಅವರು ಬಂದರು, ಟೋಪಿ ತೆಗೆದು ಕೈ ಕಾಯಿಸಿಕೊಂಡರು, ಯಾರಿಗೂ ಏನೂ ಗೊತ್ತಾಗಲಿಲ್ಲ. ಕುರಿಗೂ ಗೊತ್ತಾಗಲಿಲ್ಲ. ನಾನು ಮಾತ್ರ ಆ ಬೆಂಕಿಯ ಮುಂದೆ ಕೂರಲಾರದೆ ಹೊರಗೆ ಮಳೆಯಲ್ಲಿ ಕೂತೆ. ಅಲ್ಲಿಂದ ನಮ್ಮ ಮನೆಯ ಕಡೆ ನೋಡಿದೆ. ಈ ಕಡೆಯಿಂದಲೂ ಏನೂ ಕಾಣುವುದಿಲ್ಲ, ಪರಸ್ಕಾ.

ನಿನ್ನನ್ನು ಯಾಕೆ ಕರೆಯಲಿಲ್ಲ ಅಂದರೆ, ಕರೆದ ಮೇಲೂ ನೀನು ಬರದಿದ್ದರೆ ಏನು ಮಾಡುವುದು ಎಂಬ ಹೆದರಿಕೆ. ಕರೆಯದಿದ್ದರೆ, ಕರೆದಿದ್ದರೆ ಬರುತ್ತಿದ್ದಳು ಅಂದುಕೊಂಡಾದರೂ ಇರಬಹುದು. ನಾಲ್ಕು ವರ್ಷ ಹಾಗೇ ಇದ್ದೆ. ಇನ್ನು ಆಗುವುದಿಲ್ಲ.

ಬಾ.

ತನಾಸಿ

---

ಬೊಲೊನ್ಯಾ
ಅಕ್ಟೋಬರ್ ೧೪

ತನಾಸಿ,

ಉತ್ತರ ಬರಲಿಲ್ಲ. ಸರಿ. ಬೊಹ್ದಾನನ ವ್ಯಾನು ಬರುವ ಜಾಗದಲ್ಲಿ ತಿಂಗಳ ಕೊನೆಯ ಭಾನುವಾರ ಸಾಯಂಕಾಲದವರೆಗೂ ಕಾದೆ. ವ್ಯಾನು ಬಂತು, ಎಲ್ಲರಿಗೂ ಏನೇನೋ ತಂದಿತ್ತು. ಯಾರದೋ ಸೊಸೆ ಅಣಬೆ ಕಳಿಸಿದ್ದಳು. ವಿಯೊರಿಕಾ ನನ್ನ ಮುಖ ನೋಡಿ, "ನಡಿಯೇ, ಕಾಫಿ ಕುಡಿಯೋಣ" ಅಂದಳು. ನಾನು ಹೋಗಲಿಲ್ಲ.

ಅದಾದ ಮೇಲೆ, ಹೊರಡುವ ಹಿಂದಿನ ಸಂಜೆ, ಯಾವುದೋ ಗೊತ್ತಿಲ್ಲದ ನಂಬರಿನಿಂದ ಫೋನು ಬಂದಿತ್ತು. ಯಾರೂ ಮಾತಾಡಲಿಲ್ಲ, ಗಾಳಿಯ ಸದ್ದು. ನೀನೇ ಇರಬೇಕು ಅಂದುಕೊಂಡು ಎಷ್ಟೋ ಹೊತ್ತು ಫೋನು ಕಿವಿಗೆ ಹಿಡಿದುಕೊಂಡೇ ಇದ್ದೆ. ಆಮೇಲೆ ನನಗೇ ನಾಚಿಕೆಯಾಯಿತು. ಬೆಟ್ಟ ಬಿಟ್ಟು, ವಾತ್ರಾ ಬಿಟ್ಟು ನೀನು ಫೋನು ಮಾಡುವುದುಂಟೇ?

ಇಲ್ಲಿ ನಾನು ನೋಡಿಕೊಳ್ಳುವುದು ಒಬ್ಬ ಮುದುಕನನ್ನು, ಹಿಂದೆ ನ್ಯಾಯಾಧೀಶನಾಗಿದ್ದವನು. ಪಾರ್ಶ್ವವಾಯು ಹೊಡೆದು ಮಾತು ನಿಂತಿದೆ. ನಾಲ್ಕನೇ ಮಹಡಿ. ಒಲೆ ಗುಂಡಿ ತಿರುಗಿಸಿದರೆ ಹತ್ತುತ್ತದೆ, ತಿರುಗಿಸಿದರೆ ಆರುತ್ತದೆ. ನಿನ್ನೆ ಅದರ ಮುಂದೆ ನಿಂತು "ವಾತ್ರಾ" ಅಂತ ಗಟ್ಟಿಯಾಗಿ ಹೇಳಿ ನೋಡಿದೆ. ಮುದುಕ ತಿರುಗಿ ನೋಡಿದ. ಈ ಊರಲ್ಲಿ ಅದು ಯಾರ ಪದವೂ ಅಲ್ಲ, ಕದ್ದೆ ಅಂತ ಬೈಯುವವರೂ ಇಲ್ಲ.

ನನಗೆ ಸಿಟ್ಟಿಲ್ಲ. ಸುಸ್ತಾಗಿದೆ ಅಷ್ಟೆ. ಬರುವ ವರ್ಷದವರೆಗೆ ಇಲ್ಲೇ ಇರುತ್ತೇನೆಂದು ಮಾತು ಕೊಟ್ಟಿದ್ದೇನೆ. ನೀನು ಇನ್ನು ಬರೆಯಬೇಡ.

ಪರಸ್ಕಾ

---

ಊರಿನಿಂದ
ನವೆಂಬರ್ ೧೧

ಪರಸ್ಕಾ,

ಬರೆಯಬೇಡ ಎಂದು ಬರೆದವಳು ಲಕೋಟೆಯ ಹಿಂದೆ ವಿಳಾಸ ಬರೆದಿದ್ದೀ, ಮಹಡಿ ಎಷ್ಟನೆಯದು ಎಂಬುದನ್ನೂ ಹಾಕಿದ್ದೀ. ಅದಕ್ಕೇ ಬರೆಯುತ್ತಿದ್ದೇನೆ.

ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಸೆಪ್ಟೆಂಬರಿನದ್ದು. ಬೊಹ್ದಾನ ಒಯ್ದಿದ್ದ, ಮನೆಗೆ ಬೀಗ ಬಿದ್ದಿತ್ತು ಎಂದು ವಾಪಸ್ಸು ತಂದ. ನಾನು ಇಳಿದು ಬಂದಾಗ ಅಂಗಡಿಯಲ್ಲಿ ಸಕ್ಕರೆಯ ಮೂಟೆಯ ಮೇಲೆ ಕೂತಿತ್ತು. ನಿನ್ನ ನಂಬರಿಗೆ ಮಾಡಿದರೆ ಯಾವನೋ ಗಂಡಸು ಎತ್ತಿದ, ಕೂಗಾಡಿದ, ನನಗೆ ಒಂದಕ್ಷರ ತಿಳಿಯಲಿಲ್ಲ. ಮೊದಲು ಅದನ್ನು ಓದು. ಓದಿ ಬೈಯುವುದಿದ್ದರೆ ಬೈದು, ಆಮೇಲೆ ಇದನ್ನು ಓದು.

ಓದಿದೆಯಾ? ಗಾಳಿಯ ಸದ್ದು ನಾನೇ.

ಇಳಿದ ದಿನ ಕುರಿಗಳನ್ನೆಲ್ಲ ಅವರವರಿಗೆ ಒಪ್ಪಿಸಿ, ಆರಿದ್ದನ್ನೂ ಲೈಟರಿನಿಂದ ಹತ್ತಿಸಿದ್ದನ್ನೂ ಎಲ್ಲರ ಮುಂದೆ ಹೇಳಿದೆ. ಮುದುಕ ಲುಕೀನ್ ಉಗುಳಿ ಎದ್ದುಹೋದ. ಒನುಫ್ರಿ, "ಹಾಗಾದ್ರೆ ಈ ವರ್ಷದ ಚೀಸು ಚೆನ್ನಾಗಿದ್ದದ್ದು ಲೈಟರಿಂದಲಾ?" ಅಂದ. ಕೆಲವರು ನಕ್ಕರು. ಬರುವ ಬೇಸಿಗೆಗೆ ಬೇರೆ ಯಜಮಾನನನ್ನು ನೋಡಿಕೊಳ್ಳಿ ಅಂದೆ. ಬೇಡ ಎಂದು ಯಾರೂ ತಡೆಯಲಿಲ್ಲ. ನೋವಾಯಿತು, ಸುಳ್ಳು ಯಾಕೆ ಹೇಳಲಿ.

ಈ ಮನೆಯಲ್ಲಿ ಈಗ ನಾನೊಬ್ಬನೇ. ಒಲೆ ಹತ್ತಿಸುತ್ತೇನೆ, ಕೂರುತ್ತೇನೆ, ಯಾರೂ ಬರುವುದಿಲ್ಲ. ನೀನು ಹೀಗೆ ಎಷ್ಟು ಬೇಸಿಗೆ ಕೂತಿದ್ದೆಯೋ ಅಷ್ಟನ್ನೂ ಕೂತು ತೀರಿಸಲು ನನಗೆ ಆಯುಸ್ಸು ಸಾಲದು.

ಬಾ ಅಂದದ್ದು ತಡವಾಯಿತು. ನೀನು ಮಾತು ಕೊಟ್ಟಾಗಿದೆ, ಅಲ್ಲಿ ಮಾತು ನಿಂತ ಮನುಷ್ಯನನ್ನು ಬಿಟ್ಟು ಬಾ ಎಂದು ನಾನು ಹೇಳಬಾರದು. ಅದಕ್ಕೆ ನಾನೇ ಬರುತ್ತಿದ್ದೇನೆ. ಜಿಲ್ಲಾ ಕಚೇರಿಗೆ ಹೋಗಿ ಪಾಸ್‌ಪೋರ್ಟಿಗೆ ಬೆರಳು ಒತ್ತಿ ಬಂದೆ. ಅಂಗೈ ಸವೆದಿರುವುದರಿಂದ ಗುರುತೇ ಮೂಡುತ್ತಿಲ್ಲ ಎಂದು ಅಲ್ಲಿಯ ಹೆಣ್ಣುಮಗಳು ಮತ್ತೆ ಮತ್ತೆ ಒತ್ತಿಸಿದಳು. "ಮಾವ, ಈ ವಯಸ್ಸಲ್ಲಿ ಎಲ್ಲಿಗೆ?" ಅಂದಳು. ಹೆಂಡತಿಯ ಹತ್ತಿರ ಅಂದೆ. ಮೂರು ತಿಂಗಳು ಇರಲು ಬಿಡುತ್ತಾರಂತೆ. ಆಮೇಲಿನದ್ದು ಇಬ್ಬರೂ ಕೂತು ನೋಡೋಣ.

ನೀನು ಕೆಲಸ ಮಾಡುವ ಮನೆಯವರು ಒಳಗೆ ಬಿಡದಿದ್ದರೆ ಎಲ್ಲಾದರೂ ಇರುತ್ತೇನೆ. ದಿನಾ ಸಂಜೆ ನಿನ್ನ ಕಟ್ಟಡದ ಕೆಳಗೆ ಬಂದು ನಿಲ್ಲುತ್ತೇನೆ, ನಿಲ್ಲುವುದು ನನಗೆ ಅಭ್ಯಾಸವಿದೆ. ಕೆಲಸ ಮುಗಿದಾಗ ಕಿಟಕಿಯಿಂದ ನೋಡು. ನಾಲ್ಕನೇ ಮಹಡಿಯಿಂದ ಮನುಷ್ಯ ಕಾಣುತ್ತಾನೆ ಅಂದುಕೊಂಡಿದ್ದೇನೆ.

ಡಿಸೆಂಬರಿನ ಮೊದಲ ವ್ಯಾನಿಗೆ ಬೊಹ್ದಾನನ ಪಕ್ಕದ ಸೀಟು ಹೇಳಿಟ್ಟಿದ್ದೇನೆ. ನಾನು ಜಿಲ್ಲೆ ದಾಟಿದವನಲ್ಲ, ಅಲ್ಲಿಯ ಮಾತು ಒಂದೂ ಬರುವುದಿಲ್ಲ. ಎಲ್ಲಿ ಇಳಿಯಬೇಕು, ಅದೊಂದು ಬರೆ.

ತನಾಸಿ